ಶಾಲೆಯ ಸುದ್ದಿ ಮನೆಗೆ, ಮನೆಯ ಸುದ್ದಿ ಶಾಲೆಗೆ

ನಮ್ಮ ಅಫಜಲಪುರ ಸೀಮೆಯ ರಸ್ತೆಗಳಲ್ಲಿ ಕಳೆದ ಕೆಲವು ವರ್ಷಗಳಿಂದ ‘ಇಂಟರ್‌ನ್ಯಾಷನಲ್’ ಎಂಬ ಪದ ಬಹಳ ಕಣ್ಣಿಗೆ ಬೀಳುತ್ತಿದೆ. ತೊಗರಿ ಹೊಲದ ಅಂಚಿನಲ್ಲಿ, ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುವ ತಿರುವಿನಲ್ಲಿ, ಹಳೆಯ ಗೋದಾಮಿನ ನೆತ್ತಿಯ ಮೇಲೆ ಆ ಪದವನ್ನು ಹೊತ್ತ ಫಲಕಗಳು ನಿಂತಿವೆ. ಬೆಳಿಗ್ಗೆ ಏಳೂವರೆಗೆ ಹಳದಿ ಬಸ್ಸು ಬಂದು ಹಾರ್ನು ಹೊಡೆಯುತ್ತದೆ. ಭೀಮಾ ನದಿಯ ದಡದ ನಮ್ಮ ಮಣ್ಣೂರಿನಲ್ಲಿ ಫಜರ್ ನಮಾಜಿನ ಬಳಿಕ ನಡೆಯುತ್ತಿದ್ದ ಮಕ್ತಬ್ ಈ ಬಸ್ಸಿನ ಕಾರಣದಿಂದಲೇ ಅಸರ್ ನಮಾಜಿನ ನಂತರದ ಹೊತ್ತಿಗೆ ಸರಿಯಿತು. ಇದರ ಬಗ್ಗೆ ನಮಗೆ ದೂರಿಲ್ಲ. ಮಗನನ್ನು ಇಂತಹ ಶಾಲೆಗೆ ಸೇರಿಸಲು ಎಮ್ಮೆ ಮಾರಿದವರನ್ನು ನಾವು ಬಲ್ಲೆವು, ಕಿವಿಯ ಬೆಂಡೋಲೆಯನ್ನು ಒತ್ತೆ ಇಟ್ಟ ತಾಯಿಯನ್ನೂ ಬಲ್ಲೆವು. ಅವರ ಆಸೆಯನ್ನು ಹಗುರವಾಗಿ ಕಾಣುವ ಅಧಿಕಾರ ಯಾರಿಗೂ ಇಲ್ಲ.

ಆದರೆ ಆ ಪದಕ್ಕೆ ಒಂದು ಚರಿತ್ರೆಯಿದೆ. 1924ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ, ಆಗಿನ ರಾಷ್ಟ್ರಸಂಘದಲ್ಲಿಯೂ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯಲ್ಲಿಯೂ ದುಡಿಯಲು ಬಂದಿದ್ದ ನಾನಾ ದೇಶದವರ ಮಕ್ಕಳಿಗಾಗಿ ಒಂದು ಅಂತಾರಾಷ್ಟ್ರೀಯ ಶಾಲೆ ತೆರೆಯಿತು. ಅದೇ ನಗರದಲ್ಲಿ 1968ರಲ್ಲಿ ‘ಇಂಟರ್‌ನ್ಯಾಷನಲ್ ಬ್ಯಾಕಲೊರಿಯೆಟ್’ ಎಂಬ ಸಂಸ್ಥೆ ಹುಟ್ಟಿತು. ಪ್ರಾಥಮಿಕ ತರಗತಿಗಳಿಗೆಂದು ಆ ಸಂಸ್ಥೆ ರೂಪಿಸಿದ ಕಾರ್ಯಕ್ರಮ 1997ರಲ್ಲಿ ಆರಂಭವಾಯಿತು. ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಇಂದು ಅದು ನಡೆಯುತ್ತಿದೆ. ಅಲ್ಲಿನ ಒಂದು ಪದ್ಧತಿ ನಮಗೆ ಬಹಳ ಹಿಡಿಸಿತು. ಮಗು ವರ್ಷವಿಡೀ ತಾನು ಬರೆದ, ಬಿಡಿಸಿದ, ತಪ್ಪಿ ತಿದ್ದಿಕೊಂಡ ಹಾಳೆಗಳನ್ನೆಲ್ಲ ಒಂದು ಕಡತದಲ್ಲಿ ಕೂಡಿಡುತ್ತದೆ. ನಿಗದಿಯಾದ ದಿನ ತಂದೆತಾಯಿಯನ್ನು ಎದುರಿಗೆ ಕೂರಿಸಿಕೊಂಡು ತಾನೇ ಅದನ್ನು ತೆರೆದು ವಿವರಿಸುತ್ತದೆ. ಶಿಕ್ಷಕರು ಪಕ್ಕದಲ್ಲಿದ್ದರೂ ಮಾತು ಮಗುವಿನದು. ಭಾಷೆ, ದೇಶ, ಆಚಾರ ಬೇರೆ ಬೇರೆಯಾದ ಪೋಷಕರ ನಡುವೆ ಬೆಳೆದ ಶಾಲೆಗಳಿಗೆ ಪೋಷಕರೊಡನೆ ಮಾತನಾಡುವ ಬಗೆಯನ್ನು ಯೋಚಿಸಿ ಕಟ್ಟದೆ ಗತಿಯಿರಲಿಲ್ಲ ಎಂದು ತೋರುತ್ತದೆ.

ನಮ್ಮ ಕಡೆಗೆ ಪದ ಬಂತು, ಬಸ್ಸು ಬಂತು, ಕೊರಳಪಟ್ಟಿ ಬಂತು. ಮಾತನಾಡುವ ಬಗೆ ಮಾತ್ರ ದಾರಿಯಲ್ಲೆಲ್ಲೋ ಇಳಿದುಹೋಯಿತು. ಅದರ ಬದಲಿಗೆ ಬಂದದ್ದು ವಾಟ್ಸ್‌ಆ್ಯಪ್ ಗುಂಪು. ಹಬ್ಬದ ಶುಭಾಶಯ, ಶುಲ್ಕದ ಕೊನೆಯ ದಿನಾಂಕ, ಬಣ್ಣದ ಉಡುಪಿನ ದಿನ, ಮುಖ್ಯ ಅತಿಥಿಗಳಿಗೆ ಹಾರ ಹಾಕುತ್ತಿರುವ ಚಿತ್ರ, ಎಲ್ಲವೂ ಅದರಲ್ಲಿ ಇಂಗ್ಲಿಷಿನಲ್ಲಿ ಬರುತ್ತವೆ. ಓದುವವರು ಯಾರು? ಮಣ್ಣೂರಿನ ನಮ್ಮ ಮನೆಗಳಲ್ಲಿ ಆಡುವ ಮಾತು ದಖನಿ. ಹಿರಿಯ ಗಂಡಸರು ಕೆಲವರು ಉರ್ದು ಓದಬಲ್ಲರು. ಹೆಂಗಸರಲ್ಲಿ ಬಹುಪಾಲು ಜನ ಕುರ್‌ಆನನ್ನು ನಾಜಿರಾ ಓದುತ್ತಾರೆ. ಮೂವತ್ತರ ಆಚೀಚಿನವರು ಸರ್ಕಾರಿ ಶಾಲೆಯಲ್ಲಿ ಐದನೆಯ, ಏಳನೆಯ ಇಯತ್ತೆಯವರೆಗೆ ಕಲಿತ ಕಾರಣ ಕನ್ನಡ ಬಲ್ಲರು. ಇಂಗ್ಲಿಷ್ ಓದಬಲ್ಲವನು ಮನೆಯಲ್ಲಿ ಒಬ್ಬನೇ. ಅವನ ವಯಸ್ಸು ಏಳು. ಸಂದೇಶ ಬಂದಿರುವುದೂ ಅವನ ಬಗ್ಗೆಯೇ!

ಹೋದ ವರ್ಷ ಮಳೆಗಾಲದ ಒಂದು ಸಂಜೆ ಅಸರ್ ನಂತರದ ಪಾಠ ಮುಗಿಸಿ ಮಕ್ಕಳನ್ನು ಬಿಡುತ್ತಿದ್ದಾಗ ಒಬ್ಬ ತಾಯಿ ಮಸೀದಿಯ ಹೊರಗಿನ ಕಟ್ಟೆಯ ಬಳಿ ನಿಂತಿದ್ದರು. ಪತಿ ಪುಣೆಯಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋದವರು. ಹಬ್ಬಕ್ಕೆ ಬಂದರೆ ಬಂದರು. ಆಕೆ ಸೆರಗಿನಡಿಯಿಂದ ಮೊಬೈಲ್ ತೆಗೆದು, “ಹಜರತ್, ಇಸ್ಮೆ ಕ್ಯಾ ಲಿಖೇ ಸೋ ಜರಾ ಪಡ್ಕೆ ಬೋಲೋ ನಾ” ಎಂದರು. ಇದರಲ್ಲಿ ಏನು ಬರೆದಿದ್ದಾರೆ, ಓದಿ ಹೇಳಿ ಎಂಬ ಕೋರಿಕೆ. ಓದಿದೆವು. ನಿಮ್ಮ ಮಗ ತರಗತಿಯಲ್ಲಿ ಸ್ಪಂದಿಸುತ್ತಿಲ್ಲ, ಮಂಕಾಗಿ ಕುಳಿತಿರುತ್ತಾನೆ, ಶನಿವಾರ ಹತ್ತು ಗಂಟೆಗೆ ತಪ್ಪದೆ ಬಂದು ಕಾಣಬೇಕು ಎಂದಿತ್ತು. ಆ ಶನಿವಾರ ಕಳೆದು ಎಂಟು ದಿನಗಳಾಗಿದ್ದವು. ಸಂದೇಶ ಬಂದ ದಿನವೇ ಆಕೆ ಮಗನ ಕೈಯಲ್ಲಿ ಓದಿಸಿದ್ದರು. ಅವನು “ಶನಿವಾರ ಸೂಟಿ ಅಂತ ಬರದಾರ” ಎಂದು ಹೇಳಿ ಆಡಲು ಹೋಗಿದ್ದ.

ಆ ಹುಡುಗನನ್ನು ಸುಳ್ಳುಗಾರನೆಂದು ನಾವು ಕರೆಯಲಾರೆವು. ತನ್ನ ಮೇಲಿನ ದೂರನ್ನು ತಾನೇ ಓದಿ ಹೇಳುವ ಕೆಲಸವನ್ನು ಏಳು ವರ್ಷದವನಿಗೆ ವಹಿಸಿದವರು ಹಿರಿಯರು. ನ್ಯಾಯಾಲಯದಲ್ಲಿ ಆರೋಪಿಯನ್ನೇ ದುಭಾಷಿಯನ್ನಾಗಿ ನಿಲ್ಲಿಸುವ ಪದ್ಧತಿ ಯಾವ ಸೀಮೆಯಲ್ಲಿದೆ?

ಮರುದಿನ ಆಕೆಯ ಅತ್ತೆಯನ್ನೂ ಕರೆದುಕೊಂಡು ನಾವು ಶಾಲೆಗೆ ಹೋದೆವು. ತರಗತಿಯ ಶಿಕ್ಷಕಿ ಇಪ್ಪತ್ತಮೂರು ಇಪ್ಪತ್ತನಾಲ್ಕರ ತರುಣಿ, ಕಲಬುರಗಿಯವರು. ಮೊದಮೊದಲು ಮುಖ ಬಿಗಿದುಕೊಂಡೇ ಇದ್ದರು. ಮೂರು ಬಾರಿ ಸಂದೇಶ ಕಳಿಸಿದರೂ ಬಾರದ ಮನೆಯವರಿಗೆ ಮಗುವಿನ ಚಿಂತೆಯಿಲ್ಲವೆಂದು ಅವರು ತಿಳಿದಿದ್ದರು. ಇತ್ತ ತಾಯಿ, ಇಷ್ಟು ಹಣ ಕಟ್ಟಿದರೂ ಶಾಲೆಯವರು ಒಂದು ಮಾತು ತಿಳಿಸುವುದಿಲ್ಲವೆಂದು ಕೊರಗುತ್ತಿದ್ದರು. ಎರಡೂ ಕಡೆಯವರು ಪರಸ್ಪರರ ಮೌನವನ್ನು ಅಹಂಕಾರವೆಂದು ಓದಿಕೊಂಡಿದ್ದರು. ಮಾತು ಕನ್ನಡಕ್ಕೆ ತಿರುಗಿದ ಬಳಿಕ ಶಿಕ್ಷಕಿ ಬಿಚ್ಚಿಕೊಂಡರು. ಹುಡುಗ ಮಧ್ಯಾಹ್ನದ ನಂತರ ತೊಡೆ ಬಿಗಿಹಿಡಿದು ಕುಳಿತಿರುತ್ತಾನೆ, ಕರೆದರೆ ಏಳುವುದಿಲ್ಲ, ಬರೆಯುವುದಿಲ್ಲ ಎಂದರು. ಆಗ ಆ ಅಜ್ಜಿ, ಯಾರೂ ಕೇಳದಿದ್ದರೂ, “ಬಾಟ್ಲಿ ನೀರು ಹೆಂಗ ತುಂಬಿ ಕಳಿಸ್ತೀವಿ ಹಂಗ ವಾಪಸ್ ಬರ್ತದ್ರೀ ಮೇಡಂ. ರಾತ್ರಿ ಉಚ್ಚಿ ಉರಿತದ ಅಂತ ಅಳ್ತಾನ” ಎಂದರು.

ಕೋಣೆ ಕ್ಷಣಕಾಲ ಸುಮ್ಮನಾಯಿತು. ಆ ಶಾಲೆಯ ಅಂಗಳದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ಹತ್ತು ರೂಪಾಯಿ ದಂಡ. ಸರ್ಕಾರಿ ಶಾಲೆಯ ಮಗು “ಒಂದಕ್ಕೆ ಹೋಗಿ ಬರ್ತೀನ್ರೀ” ಎಂದು ಕಿರುಬೆರಳು ತೋರಿಸಿ ಓಡುತ್ತದೆ. ಇಲ್ಲಿ ಅದನ್ನು ಕೇಳಲು ಒಂದು ಪೂರ್ಣ ಇಂಗ್ಲಿಷ್ ವಾಕ್ಯ ಬೇಕು. ಆ ವಾಕ್ಯ ಹುಡುಗನಿಗೆ ಬರುತ್ತಿತ್ತು, ಆದರೆ ಒಮ್ಮೆ ತಪ್ಪಾಗಿ ಹೇಳಿ ಇಡೀ ತರಗತಿ ನಕ್ಕಿತ್ತು. ಅಂದಿನಿಂದ ಅವನು ನೀರು ಕುಡಿಯುವುದನ್ನೇ ಬಿಟ್ಟಿದ್ದ. ಏಳು ವರ್ಷದ ಬುದ್ಧಿಗೆ ಹೊಳೆದ ಉಪಾಯ ಅದು.

ಅರ್ಧ ಸುದ್ದಿ ಶಿಕ್ಷಕಿಯ ಬಳಿ ಇತ್ತು, ಇನ್ನರ್ಧ ತುಂಬಿದ ಬಾಟಲಿಯಾಗಿ ದಿನವೂ ಮನೆಗೆ ಮರಳುತ್ತಿತ್ತು. ಎರಡನ್ನೂ ಒಂದು ಕಡೆ ಇಟ್ಟು ನೋಡುವವರಿಲ್ಲದೆ ಆ ಮಗು ಎರಡು ತಿಂಗಳು ನೋವು ತಿಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದ ವೈದ್ಯರು ಮೂತ್ರದ ಸೋಂಕಿಗೆ ಔಷಧ ಬರೆದುಕೊಟ್ಟರು. ಇನ್ನೂ ತಡಮಾಡಿದ್ದರೆ ಮೂತ್ರಪಿಂಡಕ್ಕೆ ಏರುತ್ತಿತ್ತೆಂದು ಎಚ್ಚರಿಸಿದರು.

ಪೋಷಕರಿಗೆ ತಿಳಿಸುವುದು ಶಾಲೆಯ ಸೌಜನ್ಯ ಎಂದು ಹಲವರ ಭಾವನೆ. ಕಾನೂನು ಹಾಗೆ ಹೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಸೆಕ್ಷನ್ನಿನಲ್ಲಿ ಶಿಕ್ಷಕರ ಕರ್ತವ್ಯಗಳನ್ನು ಹೇಳುವಾಗ, ಪೋಷಕರೊಡನೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿ ಇವುಗಳನ್ನು ತಿಳಿಸಬೇಕೆಂದು ಸ್ಪಷ್ಟವಾಗಿ ಬರೆದಿದೆ. ಅದೇ ಕಾಯ್ದೆಯ 21ನೆಯ ಸೆಕ್ಷನ್ ಶಾಲಾ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. ನಮ್ಮ ರಾಜ್ಯದಲ್ಲಿ ಈ ಕಾಯ್ದೆಗೂ ಮುಂಚೆಯೇ, 2001ರಲ್ಲಿ, ಸರ್ಕಾರಿ ಆದೇಶದ ಮೂಲಕ ಎಸ್‌ಡಿಎಂಸಿಗಳು ರಚನೆಯಾದವು. ‘ಸಮುದಾಯದತ್ತ ಶಾಲೆ’ ಎಂಬ ಕಾರ್ಯಕ್ರಮದಲ್ಲಿ ಸರ್ಕಾರಿ ಶಾಲೆಗಳು ಊರವರನ್ನು ಕರೆದು ಮಕ್ಕಳ ಬರವಣಿಗೆಯನ್ನೂ ಅಂಕಗಳನ್ನೂ ಮುಂದಿಡುತ್ತವೆ.

ಇಲ್ಲೊಂದು ವಿಚಿತ್ರವನ್ನು ಓದುಗರು ಗಮನಿಸಬೇಕು. 21ನೆಯ ಸೆಕ್ಷನ್ನಿನ ಆ ಸಮಿತಿ ಅನುದಾನರಹಿತ ಖಾಸಗಿ ಶಾಲೆಗಳಿಗೆ ಕಡ್ಡಾಯವಲ್ಲ. ಹೀಗಾಗಿ ಒಂದು ಪೈಸೆಯನ್ನೂ ಕೊಡದೆ ಮಗುವನ್ನು ಸರ್ಕಾರಿ ಉರ್ದು ಅಥವಾ ಕನ್ನಡ ಶಾಲೆಗೆ ಕಳಿಸುವ ಕೂಲಿಕಾರ ತಾಯಿಗೆ ಶಾಲೆಯ ಆಡಳಿತದಲ್ಲಿ ಕಾನೂನು ಕೊಟ್ಟ ಕುರ್ಚಿಯಿದೆ. ಎಮ್ಮೆ ಮಾರಿ ಶುಲ್ಕ ಕಟ್ಟಿದ ತಾಯಿಗೆ ಇರುವುದು ತನಗೆ ಓದಲು ಬಾರದ ಒಂದು ಸಂದೇಶ. ಕುರ್ಚಿಯಿದ್ದವರೆಲ್ಲ ಕೂರುತ್ತಾರೆಯೇ ಎಂದು ಕೇಳಿದರೆ, ಇಲ್ಲ. ರಿಜಿಸ್ಟರನ್ನು ಮನೆಗೆ ತಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುವುದನ್ನೂ ಕಂಡಿದ್ದೇವೆ. ಅದು ಇನ್ನೊಂದು ದಿನದ ಮಾತು.

2012ರ ತಿದ್ದುಪಡಿಯಿಂದಾಗಿ ಈ ಕಾಯ್ದೆ ಮದ್ರಸಾಗಳಿಗೆ ಅನ್ವಯವಾಗುವುದಿಲ್ಲ. ಆದ್ದರಿಂದ ಪೋಷಕರಿಗೆ ವರದಿ ಒಪ್ಪಿಸುವ ಹೊಣೆ ನಮ್ಮಂತಹ ಮಕ್ತಬಿನ ಉಸ್ತಾದರಿಗೆ ಇಲ್ಲವೆಂದು ಯಾರಾದರೂ ನಿರಾಳವಾಗಬಹುದು. ಅವರಿಗೆ ನಾವು ಕೈರವಾನಿನ ದಾರಿ ತೋರಿಸುತ್ತೇವೆ. ಈಗಿನ ಟ್ಯುನೀಷಿಯಾದ ಆ ನಗರದಲ್ಲಿ ಬಾಳಿ 870ರಲ್ಲಿ ತೀರಿಕೊಂಡ ಮಾಲಿಕಿ ವಿದ್ವಾಂಸ ಮುಹಮ್ಮದ್ ಇಬ್ನ್ ಸಹನೂನ್, ಮಕ್ಕಳಿಗೆ ಕುರ್‌ಆನ್ ಕಲಿಸುವವರ ನಡಾವಳಿಯನ್ನು ಕುರಿತೇ ‘ಆದಾಬುಲ್ ಮುಅಲ್ಲಿಮೀನ್’ ಎಂಬ ಕಿರುಗ್ರಂಥವನ್ನು ರಚಿಸಿದರು. ಮಕ್ಕಳ ಹಾಜರಿಯನ್ನು ಉಸ್ತಾದನೇ ಗಮನಿಸಬೇಕು, ಮಗು ಬಾರದಿದ್ದರೆ ಅದರ ಪಾಲಕರಿಗೆ ತಿಳಿಸಬೇಕು ಎಂಬುದು ಅದರಲ್ಲಿದೆ. ರೂಢಿಯ ರಜೆಗಳನ್ನು ಮೀರಿ ಮಕ್ಕಳನ್ನು ಬಿಡಬೇಕಾದರೆ ಪಾಲಕರ ಒಪ್ಪಿಗೆ ಬೇಕೆಂಬುದೂ ಇದೆ. ಆ ಇಬ್ನ್ ಸಹನೂನರ ತಂದೆ ಸಹನೂನರು ಸ್ವತಃ ದೊಡ್ಡ ಫಕೀಹರು. ತಮ್ಮ ಮಗನನ್ನು ಉಸ್ತಾದರಿಗೆ ಒಪ್ಪಿಸುವಾಗ, ಇವನನ್ನು ಮೆಚ್ಚುಗೆಯಿಂದಲೂ ಮೃದುವಾದ ಮಾತಿನಿಂದಲೂ ತಿದ್ದಿರಿ, ಹೊಡೆತ ಬೈಗುಳಗಳಿಂದ ತಿದ್ದಬೇಕಾದ ಹುಡುಗನಲ್ಲ ಇವನು ಎಂಬರ್ಥದ ಮಾತು ಹೇಳಿದ್ದರಂತೆ. ಮಗುವಿನ ಸ್ವಭಾವವನ್ನು ಬಲ್ಲ ಮನೆ ಅದನ್ನು ಉಸ್ತಾದರಿಗೆ ತಿಳಿಸಿದ ರೀತಿ ಇದು. ಸಾವಿರದ ನೂರೈವತ್ತು ವರ್ಷಗಳ ಹಿಂದೆಯೂ ಸುದ್ದಿ ಎರಡೂ ದಿಕ್ಕಿಗೆ ಹರಿಯುತ್ತಿತ್ತು.

ನಮ್ಮ ದಖ್ಖನಿನ ಮನೆಗಳಲ್ಲಿ ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಓದಿಸುವ ರೂಢಿ ಇಂದಿಗೂ ಕೆಲವೆಡೆ ಉಳಿದಿದೆ. ಅದು ಫರ್ಜ್ ಅಲ್ಲ, ಸುನ್ನತ್ತೂ ಅಲ್ಲ, ರೂಢಿ ಮಾತ್ರ. ಆದರೂ ಅದರಲ್ಲಿ ನಮಗೆ ಪ್ರಿಯವಾದ ಒಂದು ಅಂಶವಿದೆ: ಉಸ್ತಾದರು ಮನೆಗೆ ಬರುತ್ತಾರೆ, ಮಗುವನ್ನು ತಾಯಿಯ ಪಕ್ಕದಿಂದಲೇ ಎತ್ತಿಕೊಳ್ಳುತ್ತಾರೆ. ಪರಿಚಯ ಮನೆಯ ಚಾಪೆಯ ಮೇಲೆ ಆಗುತ್ತದೆ, ಕಚೇರಿಯ ಕಿಟಕಿಯಲ್ಲಲ್ಲ. ಪ್ರವಾದಿಯವರು(ಸ) ನಮಾಜಿನಲ್ಲಿ ನಿಂತಿರುವಾಗ ಮಗುವಿನ ಅಳು ಕೇಳಿದರೆ, ತಾಯಿಯ ಮನಸ್ಸಿನ ಕಳವಳವನ್ನು ಬಲ್ಲವರಾಗಿ ನಮಾಜನ್ನು ಚಿಕ್ಕದು ಮಾಡುತ್ತಿದ್ದರೆಂದು ಬುಖಾರಿಯ ಹದೀಸಿನಲ್ಲಿದೆ. ಹಿಂದಿನ ಸಾಲಿನ ಅಳುವನ್ನು ಮುಂದೆ ನಿಂತವರು ಕೇಳಿಸಿಕೊಂಡರು.

ನಾವು ಮದ್ರಸಾದಲ್ಲಿ ಕಲಿಯುತ್ತಿದ್ದ ಕಾಲದಲ್ಲಿ ಮನೆಗೆ ಹೋಗುತ್ತಿದ್ದುದು ಅಂಚೆಕಾರ್ಡು. ತಿಂಗಳಿಗೊಮ್ಮೆ ಹೊಸ ಸಬಕ್ ಎಲ್ಲಿಗೆ ಬಂತು, ಹಳೆಯದು ಎಷ್ಟು ಗಟ್ಟಿಯಾಗಿದೆ ಎಂದು ಉಸ್ತಾದರು ಉರ್ದುವಿನಲ್ಲಿ ಎರಡು ಸಾಲು ಬರೆಯುತ್ತಿದ್ದರು. ನಮ್ಮ ತಂದೆಯವರಿಗೆ ಉರ್ದು ಓದಲು ಬರುತ್ತಿರಲಿಲ್ಲ. ಕಾರ್ಡನ್ನು ಇಮಾಮರ ಬಳಿ ಒಯ್ದು ಮಗ್ರಿಬ್ ನಂತರ ಮಸೀದಿಯ ಕಟ್ಟೆಯಲ್ಲಿ ಓದಿಸಿಕೊಳ್ಳುತ್ತಿದ್ದರು. ಸಬಕ್ ಕಚ್ಚಾ ಎಂದು ಬಂದ ತಿಂಗಳು ಇಡೀ ಓಣಿಗೆ ಸುದ್ದಿಯಾಗಿ, ರಜೆಗೆ ಊರಿಗೆ ಬಂದಾಗ ಹಾಲು ಮಾರುವವರು ಕೂಡ ಅದನ್ನು ವಿಚಾರಿಸುತ್ತಿದ್ದರು! ಮಗುವಿನ ವರದಿ ಹತ್ತು ಜನರ ನಡುವೆ ಓದಲ್ಪಟ್ಟರೆ ಏನಾಗುತ್ತದೆಂಬುದನ್ನು ನಾವು ಬಲ್ಲೆವು. ಇಂದಿನ ಗುಂಪುಗಳಲ್ಲಿ ಮಕ್ಕಳ ಅಂಕಪಟ್ಟಿಯನ್ನು ಹೆಸರು ಸಹಿತ ಹಾಕುವುದನ್ನು ಕಂಡಾಗಲೆಲ್ಲ ಆ ಕಟ್ಟೆ ನೆನಪಾಗುತ್ತದೆ.

ಮೊಬೈಲು ನಮ್ಮ ಊರಿನ ಶಿಕ್ಷಣದೊಳಗೆ ನುಗ್ಗಿದ್ದು 2020ರಲ್ಲಿ. ಆ ವರ್ಷ ಮಾರ್ಚಿಯಲ್ಲಿ ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯಲ್ಲೇ ವರದಿಯಾಯಿತು, ಶಾಲೆಗಳು ಮುಚ್ಚಿದವು. ಆಗಸ್ಟಿನಲ್ಲಿ ಸರ್ಕಾರ ‘ವಿದ್ಯಾಗಮ’ ಆರಂಭಿಸಿ ಶಿಕ್ಷಕರನ್ನು ಮಕ್ಕಳ ಓಣಿಗೇ ಕಳಿಸಿತು. ಗುಡಿಯ ಪೌಳಿ, ಮಸೀದಿಯ ಅಂಗಳ, ಬೇವಿನ ಕಟ್ಟೆ ಎಲ್ಲವೂ ತರಗತಿಗಳಾದವು. ಅಕ್ಟೋಬರಿನಲ್ಲಿ ಸೋಂಕಿನ ಭಯದಿಂದ ಅದು ನಿಂತಿತು. ಅದೇ ತಿಂಗಳು ಭೀಮೆ ಉಕ್ಕಿ ದಡದ ಊರುಗಳಿಗೆ ನುಗ್ಗಿದಳು. ಆದರೂ ವಿದ್ಯಾಗಮದ ಆ ಎರಡು ತಿಂಗಳಲ್ಲಿ ಮಾಸ್ತರರು ಮನೆಗಳನ್ನು ಕಂಡರು, ತಾಯಂದಿರು ಪಾಠವನ್ನು ಕಂಡರು. ಬಳಿಕ ಶಾಲೆಗಳು ತೆರೆದವು, ಗುಂಪುಗಳು ಉಳಿದವು, ಓಣಿಗೆ ಬರುವ ಕಾಲುಗಳು ನಿಂತವು.

ಆ ಹುಡುಗನ ಪ್ರಕರಣದ ಬಳಿಕ ಮಕ್ತಬಿನಲ್ಲಿ ನಾವು ಮಾಡಿಕೊಂಡ ಏರ್ಪಾಡು ಬಹಳ ಸಣ್ಣದು. ಗುರುವಾರ ಮಗ್ರಿಬ್ ನಂತರ ಐದಾರು ಮನೆಗಳಿಗೆ, ಒಂದೊಂದು ಮನೆಗೂ ಪ್ರತ್ಯೇಕವಾಗಿ, ದಖನಿಯಲ್ಲಿ ಒಂದು ನಿಮಿಷದೊಳಗಿನ ಧ್ವನಿಸಂದೇಶ ಹೋಗುತ್ತದೆ. ಈ ವಾರ ಮಗು ಏನು ಕಲಿಯಿತು, ಅದರಲ್ಲಿ ನಾವು ಕಂಡ ಒಂದು ಒಳ್ಳೆಯ ಗುಣ ಯಾವುದು ಎಂದು ತಿಳಿಸಿ, ಕೊನೆಗೆ ಮನೆಯವರಿಗೆ ಒಂದು ಪ್ರಶ್ನೆ ಕೇಳುತ್ತೇವೆ: ಈ ವಾರ ಮನೆಯಲ್ಲಿ ಇವನು ಹೇಗಿದ್ದ? ಉತ್ತರ ಬಂದೇ ಬರಬೇಕೆಂದಿಲ್ಲ. ದೂರುಗಳನ್ನು ಸಂದೇಶದಲ್ಲಿ ಹೇಳುವುದಿಲ್ಲ, ಮನೆಗೆ ಹೋಗಿ ಹೇಳುತ್ತೇವೆ. ಒಬ್ಬರ ಐಬನ್ನು ಮುಚ್ಚಿಡುವುದು ದೊಡ್ಡವರ ವಿಷಯದಲ್ಲಿ ಧರ್ಮವಾದರೆ ಮಕ್ಕಳ ವಿಷಯದಲ್ಲಿ ಅದಕ್ಕಿಂತ ಹೆಚ್ಚು. ಹೆಣ್ಣುಮಕ್ಕಳ ಚಿತ್ರಗಳನ್ನು ಮನೆಯವರನ್ನು ಕೇಳದೆ ಎಲ್ಲಿಯೂ ಹಾಕುವುದಿಲ್ಲ.

ಮೊದಲು ಕೆಲವು ಹಿರಿಯರು ಆಕ್ಷೇಪಿಸಿದರು. ಪರಮನೆಯ ಹೆಂಗಸರ ಫೋನಿಗೆ ಮಕ್ತಬಿನಿಂದ ಧ್ವನಿ ಹೋಗುವುದೇನು ಚೆನ್ನ ಎಂದರು. ಅವರ ಸಂಕೋಚ ನ್ಯಾಯವಾದದ್ದೇ. ಆದಕಾರಣ ಹೆಣ್ಣುಮಕ್ಕಳಿಗೆ ನಾಜಿರಾ ಕಲಿಸುವ ಆಪಾ ಅವರ ಧ್ವನಿಯಲ್ಲಿ, ಅವರ ಫೋನಿನಿಂದಲೇ ಸಂದೇಶಗಳು ಹೋಗುತ್ತವೆ. ಅದರಿಂದ ನಿರೀಕ್ಷಿಸದ ಲಾಭವೊಂದಾಯಿತು: ನಮಗೆ ಎಂದೂ ಹೇಳದಿದ್ದ ಮಾತುಗಳನ್ನು ತಾಯಂದಿರು ಆಪಾ ಬಳಿ ಹೇಳತೊಡಗಿದರು. ಒಬ್ಬಳು ಹುಡುಗಿ ರಾತ್ರಿ ಬೆಚ್ಚಿಬೀಳುತ್ತಾಳೆ, ಒಬ್ಬ ಹುಡುಗನ ತಂದೆ ಮೂರು ತಿಂಗಳಿಂದ ಫೋನು ಮಾಡಿಲ್ಲ. ಸಬಕ್ ಏಕೆ ಕಚ್ಚಾ ಎಂಬುದಕ್ಕೆ ಇಷ್ಟು ದಿನ ನಮಗೆ ಗೊತ್ತಿರದ ಉತ್ತರಗಳು ಅವು.

ಶಾಲೆಯ ಕಡೆ ಕೆಲಸ ನಿಧಾನ. ನೋಟಿಸಿನ ಕೆಳಗೆ ಎರಡು ಸಾಲು ಕನ್ನಡ ಸೇರಿಸಿರೆಂದು ನಾವು ಕೇಳಿದಾಗ ಆಡಳಿತದವರು, ಅದರಿಂದ ಇಂಗ್ಲಿಷ್ ವಾತಾವರಣ ಕೆಡುತ್ತದೆ ಎಂದರು. ವಾತಾವರಣ ಮಕ್ಕಳಿಗೆ ಬೇಕು, ನೋಟಿಸು ತಾಯಂದಿರಿಗೆ ಬೇಕು ಎಂದು ವಿನಂತಿಸಿದೆವು. ಇನ್ನೂ ಒಪ್ಪಿಲ್ಲ. ಆದರೆ ಆ ತರುಣ ಶಿಕ್ಷಕಿ ತಾವಾಗಿಯೇ ತಮ್ಮ ತರಗತಿಯ ತಾಯಂದಿರಿಗೆ ಕನ್ನಡದಲ್ಲಿ ಮಾತಾಡಿ ಕಳಿಸುತ್ತಾರೆ. ತರಗತಿಯ ಬಾಗಿಲ ಬಳಿ ಒಂದು ಮರದ ಬಿಲ್ಲೆ ತೂಗುಹಾಕಿದ್ದಾರೆ. ಹೊರಗೆ ಹೋಗಬೇಕಾದ ಮಗು ಅದನ್ನು ಕೈಗೆತ್ತಿಕೊಂಡರೆ ಸಾಕು, ಯಾವ ಭಾಷೆಯಲ್ಲೂ ಏನನ್ನೂ ಕೇಳಬೇಕಿಲ್ಲ.

ಉಳಿದಿರುವುದು ಫೋನೇ ಇಲ್ಲದ ಮನೆಗಳು. ಸುಗ್ಗಿ ಮುಗಿದು ಕಬ್ಬಿನ ಕಟಾವು ಶುರುವಾದರೆ ಕೆಲವು ದಂಪತಿಗಳು ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಹೊರಡುತ್ತಾರೆ. ಇದ್ದೊಂದು ಮೊಬೈಲು ಅವರೊಂದಿಗೆ ಹೋಗುತ್ತದೆ. ಆ ಮನೆಗಳಿಗೆ ನಡೆದೇ ಹೋಗಬೇಕು. ಕಳೆದ ಶುಕ್ರವಾರ ಜುಮಾ ನಂತರ ಹೊಳೆಯ ಕಡೆಯ ಓಣಿಯ ಒಬ್ಬ ಅಜ್ಜಿಯ ಮನೆಗೆ ಹೋಗಿ, ಮೊಮ್ಮಗಳು ಯಾಸೀನ್ ಸೂರಾವನ್ನು ನೋಡದೆ ಓದುತ್ತಾಳೆಂದು ತಿಳಿಸಿದೆವು. ಆಕೆ ಕಣ್ಣೊರೆಸಿಕೊಂಡು, “ಇದನ್ನ ಅವರ ಅಪ್ಪಗ ಯಾರು ಹೇಳಬೇಕ್ರೀ ಹಜರತ್?” ಎಂದು ಕೇಳಿದರು. ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಟ್ಟಿದ್ದ ಸಂಖ್ಯೆಯನ್ನು ನೋಡಿ ನಮ್ಮ ಫೋನಿನಿಂದ ಕರೆ ಮಾಡಿದೆವು. ಆ ಕಡೆಯಲ್ಲಿ ಕಬ್ಬು ಕಡಿಯುವ ಸದ್ದು ನಿಂತಿತು. ಮಗಳು ಮೊದಲ ಆಯತ್ತಿನಿಂದ ಓದಲು ತೊಡಗಿದಳು.